ಫ್ಲಾಟ್‌ಪ್ಯಾಕ್ ಆಪ್‌ಗೆ ಎಷ್ಟು ಪರ್ಮಿಷನ್ ಕೊಡ್ಬೇಕು?

ಪ್ರಶ್ನೆ: ಸರ್, ಲಿನಕ್ಸ್ ಮಿಂಟ್‌ನಲ್ಲಿ ಫೈರ್‌ಫಾಕ್ಸ್‌ನ ಫ್ಲಾಟ್‌ಪ್ಯಾಕ್ ಹಾಕ್ಕೊಂಡಿದೀನಿ. ಪೆನ್‌ಡ್ರೈವ್‌ನಲ್ಲಿ ಸೇವ್ ಮಾಡಿಟ್ಟ ವೆಬ್ ಪೇಜ್ ಓಪನ್ ಮಾಡಿದ್ರೆ ಅಕ್ಷರ ಬರುತ್ತೆ, ಫೋಟೋ ಒಂದೂ ಬರಲ್ಲ. ಫ್ರೆಂಡ್ ಒಬ್ಬ, ಫ್ಲಾಟ್‌ಪ್ಯಾಕ್ ಆಪ್‌ಗಳ ಪರ್ಮಿಷನ್ ಬದಲಾಯಿಸೋ ಫ್ಲಾಟ್‌ಸೀಲ್ ಅನ್ನೋ ಆಪ್ ಹಾಕ್ಕೊಂಡು ಎಲ್ಲಾ ಫೈಲಿಗೂ ಪರ್ಮಿಷನ್ ಕೊಟ್ಬಿಡು ಅಂತಾನೆ, ಕೊಡ್ಲಾ? ಮತ್ತೆ ಚಿಕ್ಕ ಆಪ್ ಹಾಕಿದ್ರೂ ಅಷ್ಟೊಂದು ಎಂಬಿ ಯಾಕೆ ಡೌನ್‌ಲೋಡ್ ಆಗುತ್ತೆ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ದಯವಿಟ್ಟು ಎಲ್ಲಾ ಕೊಡ್ಬೇಡಿ. ಫ್ಲಾಟ್‌ಪ್ಯಾಕ್ ಅಂದ್ರೆ ಲಿನಕ್ಸ್‌ನಲ್ಲಿ ಆಪ್ ಹಾಕೋ ಒಂದು ವಿಧಾನ, ಅದರಲ್ಲಿ ಆಪ್ ಸ್ಯಾಂಡ್‌ಬಾಕ್ಸ್ ಅನ್ನೋ ಬೇಲಿಯೊಳಗೆ ಓಡುತ್ತೆ, ಪರ್ಮಿಷನ್ ಇದ್ದಷ್ಟೇ ಅದಕ್ಕೆ ಸಿಗುತ್ತೆ. ಫ್ಲಾಟ್‌ಪ್ಯಾಕ್ ಫೈರ್‌ಫಾಕ್ಸ್‌ಗೆ ನಿಮ್ಮ ಫೋಲ್ಡರ್‌ಗಳಲ್ಲಿ ನೇರವಾಗಿ ಕಾಣೋದು ಡೌನ್‌ಲೋಡ್ಸ್ ಒಂದೇ. ಬೇರೆ ಕಡೆ ಇರೋ ಫೈಲ್ ಓಪನ್ ಮಾಡೋಕೆ ಹೋದ್ರೆ ಪೋರ್ಟಲ್ ಅಂತ ಒಂದು ವ್ಯವಸ್ಥೆ ಇದೆ, ಅದು ನೀವು ಆರಿಸಿದ ಆ ಒಂದು ಫೈಲನ್ನ ಮಾತ್ರ ಒಳಗೆ ಬಿಡುತ್ತೆ. ಸೇವ್ ಮಾಡಿದ ವೆಬ್ ಪೇಜ್‌ನ ಫೋಟೋಗಳು ಪಕ್ಕದ ಇನ್ನೊಂದು ಫೋಲ್ಡರ್‌ನಲ್ಲಿ ಇರ್ತಾವಲ್ಲ, ಅದನ್ನ ನೀವು ಆರಿಸಿಲ್ಲ, ಹಾಗಾಗಿ ಬರಲ್ಲ. ಫೈಲ್ ಏನೂ ಹಾಳಾಗಿಲ್ಲ, ಎರಡನ್ನೂ ಒಟ್ಟಿಗೆ ಡೌನ್‌ಲೋಡ್ಸ್‌ಗೆ ಕಾಪಿ ಮಾಡಿ ಓಪನ್ ಮಾಡಿ, ಫೋಟೋ ಬರುತ್ತೆ.

ನಿಮ್ಮ ಫ್ರೆಂಡ್ ಒಳ್ಳೇದಕ್ಕೇ ಹೇಳಿರ್ತಾರೆ, ಆದ್ರೆ ನಿಮ್ಮ ಫೈಲ್, ಸೆಟ್ಟಿಂಗ್ ಎಲ್ಲಾ ಇರೋ ಹೋಮ್ ಫೋಲ್ಡರ್ ಪೂರ್ತಿ ಬರೆಯೋ ಪರ್ಮಿಷನ್ ಸಮೇತ ಕೊಟ್ರೆ ಆಮೇಲೆ ಸ್ಯಾಂಡ್‌ಬಾಕ್ಸ್ ಇದ್ದೂ ಇಲ್ಲದ ಹಾಗೆ, ಯಾಕಂದ್ರೆ ಕೆಟ್ಟ ಆಪ್ ಒಂದು ನಿಮ್ಮ .ಬ್ಯಾಶ್‌ಆರ್‌ಸಿ ಫೈಲಿಗೆ ಒಂದೇ ಒಂದು ಸಾಲು ಸೇರಿಸಿದ್ರೆ ಸಾಕು, ಮುಂದಿನ ಸಲ ನೀವು ಟರ್ಮಿನಲ್ (ಕಮಾಂಡ್ ಟೈಪ್ ಮಾಡೋ ವಿಂಡೋ) ತೆಗೆದಾಗ ಆ ಸಾಲು ಸ್ಯಾಂಡ್‌ಬಾಕ್ಸ್‌ನ ಆಚೆ, ನಿಮ್ಮ ಹೆಸರಲ್ಲೇ ರನ್ ಆಗುತ್ತೆ. ಬ್ರೌಸರ್ ಅಂದ್ರೆ ದಿನಾ ಗೊತ್ತಿಲ್ಲದ ಸೈಟ್‌ಗಳನ್ನೆಲ್ಲ ತೆಗೆಯೋ ಆಪ್, ಅದಕ್ಕಂತೂ ಖಂಡಿತ ಬೇಡ.

ಪೆನ್‌ಡ್ರೈವ್‌ನಿಂದಲೇ ಓದ್ಬೇಕು ಅಂದ್ರೆ ಫ್ಲಾಟ್‌ಸೀಲ್‌ನ ಫೈಲ್‌ಸಿಸ್ಟಮ್ ಭಾಗದಲ್ಲಿ ಆ ಒಂದು ಫೋಲ್ಡರ್‌ನ ಪೂರ್ತಿ ಪಾತ್ (ಅದು ಇರೋ ಜಾಗದ ವಿಳಾಸ) ಮಾತ್ರ ಸೇರಿಸಿ, ಕೊನೇಲಿ ಕೋಲನ್ ಹಾಕಿ ಇಂಗ್ಲಿಷ್‌ನ ಸಣ್ಣ ಆರ್, ಓ ಅಕ್ಷರ ಟೈಪ್ ಮಾಡಿ, ಆಗ ಓದೋಕೆ ಆಗುತ್ತೆ, ಬರೆಯೋಕೆ ಆಗಲ್ಲ. ಫೈರ್‌ಫಾಕ್ಸ್ ಪೂರ್ತಿ ಕ್ಲೋಸ್ ಮಾಡಿ ಮತ್ತೆ ತೆಗೀರಿ, ಓಡ್ತಾ ಇರೋ ಆಪ್‌ಗೆ ಹೊಸ ಪರ್ಮಿಷನ್ ಹತ್ತಲ್ಲ.

ಇನ್ನು ಎಂಬಿ ವಿಷಯ. ಆಪ್ ಜೊತೆ ರನ್‌ಟೈಮ್ ಬರುತ್ತೆ, ಅಂದ್ರೆ ಗ್ನೋಮ್, ಕೆಡಿಇ (ಎರಡೂ ಲಿನಕ್ಸ್‌ನ ಡೆಸ್ಕ್‌ಟಾಪ್‌ಗಳು) ಆಪ್‌ಗಳಿಗೆ ಬೇಕಾದ ಲೈಬ್ರರಿಗಳ, ಅಂದ್ರೆ ಹಲವು ಆಪ್‌ಗಳು ಹಂಚ್ಕೊಳ್ಳೋ ಕೋಡ್‌ನ ಗಂಟು. ಅದೇ ರನ್‌ಟೈಮ್‌ನ ಅದೇ ವರ್ಷನ್ ಬಳಸೋ ಇನ್ನೊಂದು ಆಪ್ ಹಾಕಿದಾಗ ಅದು ಮತ್ತೆ ಡೌನ್‌ಲೋಡ್ ಆಗಲ್ಲ. ಹಳೇ ರನ್‌ಟೈಮ್‌ಗಳು ಉಳ್ಕೊಂಡು ಜಾಗ ತಿಂತಿದ್ರೆ ಟರ್ಮಿನಲ್‌ನಲ್ಲಿ ಫ್ಲಾಟ್‌ಪ್ಯಾಕ್ ಅನ್‌ಇನ್‌ಸ್ಟಾಲ್ --ಅನ್‌ಯೂಸ್ಡ್ ಅಂತ ಇಂಗ್ಲಿಷ್‌ನಲ್ಲಿ ಕೊಡಿ, ಯಾವ ಆಪ್‌ಗೂ ಬೇಡದ್ದನ್ನ ಪಟ್ಟಿ ಮಾಡಿ ನಿಮ್ಮನ್ನ ಕೇಳಿ ತೆಗೆಯುತ್ತೆ.