ಅಜ್ಜಿ ಯಹೂದಿ ಅಂತ ಈಗ ಗೊತ್ತಾಗಿದೆ. ಡಿಎನ್‌ಎ ಪರೀಕ್ಷೆ ಮಾಡಿಸಲೇ? ಸಂಬಂಧಿಕರು, ಆಫೀಸಿನವರು ಆಡಿಕೊಳ್ಳುತ್ತಾರೆ. ಯಹೂದಿಗಳ ಬಗ್ಗೆ ಜನರಿಗಿರುವ ಪೂರ್ವಗ್ರಹವನ್ನು ಹೇಗೆ ಎದುರಿಸಲಿ?

ನಿಮ್ಮದು ಬೆಳಗಾವಿ, ನಮ್ಮದು ಹುಬ್ಬಳ್ಳಿ. ಊರು ಬಿಟ್ಟರೆ ಉಳಿದದ್ದೆಲ್ಲ ನಮ್ಮ ಮನೆಯ ಕಥೆಯೇ. ನಮ್ಮಲ್ಲೂ ಅಪ್ಪನ ತಾಯಿ, ನಮ್ಮಲ್ಲೂ ಗೊತ್ತಾಗಿದ್ದು ಅವರು ಹೋದ ಮೇಲೆ.

ಅಜ್ಜಿ ಮುಂಬಯಿಯಲ್ಲಿ ನರ್ಸ್ ಆಗಿದ್ದರು. ಅಜ್ಜ ರೈಲ್ವೆ ನೌಕರ. 1955ರ ಸುಮಾರಿಗೆ ರಿಜಿಸ್ಟರ್ ಮದುವೆ ಮಾಡಿಕೊಂಡು ಇಲ್ಲಿಗೆ ಬಂದರು. ಆಗ ಹುಬ್ಬಳ್ಳಿಯೂ ಮುಂಬಯಿ ರಾಜ್ಯದಲ್ಲೇ ಇತ್ತು. ಮುತ್ತಜ್ಜಿ ಓಣಿಯವರಿಗೆಲ್ಲ "ಸೊಸಿ ಕೊಂಕಣದ ಮರಾಠಾ ಮಂದಿ" ಅಂತ ಹೇಳಿಟ್ಟರು. ಅಜ್ಜಿ ಮಾತಾಡುತ್ತಿದ್ದುದು ಮರಾಠಿ, ಉಡುತ್ತಿದ್ದುದು ಸೀರೆ. ಯಾರಿಗೆ ಅನುಮಾನ ಬರಬೇಕು? ಗಣಪತಿ ಹಬ್ಬ ಮುಗಿದ ಮೇಲೆ ಒಂದು ದಿನ ಗೋಧಿ ಹಾಲು ಹಿಂಡಿ, ತೆಂಗಿನ ಹಾಲು ಹಾಕಿ ಹಲ್ವ ಮಾಡುತ್ತಿದ್ದರು. ನಾವು ಹಾಲುಬಾಯಿ ಅಂದುಕೊಂಡು ತಿಂದೆವು. ಅದು ಬೆನೆ ಇಸ್ರೇಲ್ ಜನ, ಅಂದರೆ ಕೊಂಕಣದ ಯಹೂದಿಗಳು, ತಮ್ಮ ಹೊಸ ವರ್ಷಕ್ಕೆ ಮಾಡುವ ಹಲ್ವ. ಅದಾಗಿ ಕೆಲವು ದಿನಕ್ಕೆ ಅಜ್ಜಿ ಬಿಳಿ ಸೀರೆ ಉಟ್ಟು, ಕೋಣೆಯ ಬಾಗಿಲು ಹಾಕಿಕೊಂಡು, ನೀರೂ ಕುಡಿಯದೆ ಕೂರುತ್ತಿದ್ದರು. ಕೇಳಿದರೆ "ತಲೆನೋವು". ಕೊಂಕಣದ ಯಹೂದಿಗಳು ಯೋಮ್ ಕಿಪ್ಪುರ್ ಅನ್ನುವ ಪ್ರಾಯಶ್ಚಿತ್ತದ ದಿನದ ಉಪವಾಸವನ್ನು ಮರಾಠಿಯಲ್ಲಿ ಬಾಗಿಲು ಮುಚ್ಚುವ ಹಬ್ಬ ಅಂತಲೇ ಕರೆಯುತ್ತಿದ್ದರು ಅಂತ ನನಗೆ ಗೊತ್ತಾಗಿದ್ದು ಬಹಳ ತಡವಾಗಿ.

ಅಪ್ಪನಿಗೆ ಯಾವುದೋ ಹಕ್ಕುಪತ್ರದ ಕೆಲಸಕ್ಕೆ ಅಜ್ಜಿಯ ಹಳೆಯ ಕಾಗದ ಬೇಕಾದವು. ನರ್ಸಿಂಗ್ ಸರ್ಟಿಫಿಕೇಟ್ ಸಿಕ್ಕಿತು. ಹೆಸರು ಬೇರೆ. ಅಡ್ಡಹೆಸರು 'ಕರ್' ಅಂತ ಮುಗಿಯುತ್ತಿತ್ತು. ಧರ್ಮ ಅನ್ನುವಲ್ಲಿ 'ಬೆನೆ ಇಸ್ರೇಲ್' ಅಂತ ಬರೆದಿತ್ತು.

ಆ ವಾರವೆಲ್ಲ ನಾನು ನಿದ್ದೆಗೆಟ್ಟು ಓದಿದೆ. ಅಲಿಬಾಗ್ ಹತ್ತಿರದ ನವಗಾಂವ್ ಕಡಲಲ್ಲಿ ಹಡಗು ಒಡೆದು, ಬದುಕಿ ಉಳಿದ ಕೆಲವರಿಂದ ಈ ಸಮುದಾಯ ಬೆಳೆಯಿತು ಅನ್ನುವ ಐತಿಹ್ಯ ಓದಿದೆ. ಅವರು ಕೊಂಕಣದ ಹಳ್ಳಿಗಳಲ್ಲಿ ಎಣ್ಣೆ ಗಾಣ ನಡೆಸುತ್ತಿದ್ದರು. ಶನಿವಾರ ಗಾಣ ನಿಲ್ಲಿಸುತ್ತಿದ್ದರು. ಅದಕ್ಕೇ ಸುತ್ತಲಿನವರು ಅವರನ್ನು 'ಶನಿವಾರ್ ತೇಲಿ' ಅಂತ ಕರೆದರು. ನನಗೆ ಇದು ಎಷ್ಟು ಇಷ್ಟವಾಯಿತು ಅಂದರೆ, ಎಲ್ಲರಿಗೂ ಹೇಳದೆ ಇರಲು ಆಗಲಿಲ್ಲ.

ಈಗ ನಾನು ಮಾಡಿದ ತಪ್ಪಿಗೆ ಬರುತ್ತೇನೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದರೆ ನೀವೂ ಅದೇ ಹಳ್ಳದ ಕಡೆ ನಡೆಯುತ್ತಿದ್ದೀರಿ. ರಾತ್ರಿ ಕೂತು ಕುಟುಂಬದ ವಾಟ್ಸಾಪ್ ಗ್ರೂಪಿಗೆ ಉದ್ದಕ್ಕೆ ಬರೆದೆ. ಬರೆದದ್ದರಲ್ಲಿ ಮೂರು ತಪ್ಪು. ಒಂದು, ಅಜ್ಜಿ ಪ್ರಾಣಭಯದಿಂದ ಗುಟ್ಟು ಕಾಪಾಡಿದರು ಅಂತ ಬರೆದೆ, ಜೊತೆಗೆ ಯುರೋಪಿನ ಸೆರೆ ಶಿಬಿರದ ಫೋಟೋ ಬೇರೆ ಹಾಕಿದೆ. ಶುದ್ಧ ಸುಳ್ಳು. ಮುಂಬಯಿಯಲ್ಲಿ ಅವರನ್ನು ಯಾರೂ ಅಟ್ಟಿಸಿಕೊಂಡು ಬಂದಿರಲಿಲ್ಲ. ಗುಟ್ಟು ಮಾಡಿದ್ದು ನಮ್ಮ ಮನೆಯವರು, ಓಣಿಯ ಬಾಯಿಗೆ ಹೆದರಿ. ಎರಡು, 'ಶನಿವಾರ್ ತೇಲಿ' ಅನ್ನುವುದನ್ನು ದೊಡ್ಡ ಅಕ್ಷರದಲ್ಲಿ ಹಾಕಿದೆ, ಎಲ್ಲರಿಗೂ ನನ್ನಷ್ಟೇ ಖುಷಿಯಾಗುತ್ತೆ ಅಂತ. ಮೂರು, ಯಾರನ್ನೂ ಕೇಳಲಿಲ್ಲ. ಅಪ್ಪನನ್ನು ಕೂಡ.

ಆ ಗ್ರೂಪಿನಲ್ಲಿ ದೊಡ್ಡಪ್ಪನ ಭಾವಮೈದ ಇದ್ದರು. ದೊಡ್ಡಪ್ಪನ ಮಗಳಿಗೆ ಗದಗ ಕಡೆ ಒಂದು ಸಂಬಂಧ ಹೆಚ್ಚುಕಡಿಮೆ ಗಟ್ಟಿಯಾಗಿತ್ತು. ನನ್ನ ಬರಹ ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಓಡಾಡಿ ಬೀಗರಾಗುವವರ ಮೊಬೈಲಿಗೆ ತಲುಪಿತು. ಅವರು ಫೋನ್ ಮಾಡಿ ಕೇಳಿದ್ದು ಒಂದೇ: "ತೇಲಿ ಅಂದ್ರ ಗಾಣಿಗರಲ್ಲೇನ್ರಿ? ನೀವು ನಮಗ ಬ್ಯಾರೆ ಹೇಳಿದ್ರಿ."

ಗಮನಿಸಿ. ಯಹೂದಿ ಅನ್ನುವುದನ್ನು ಅವರು ಕೇಳಲೇ ಇಲ್ಲ. ಅದು ಏನು ಅಂತಲೂ ಅವರಿಗೆ ಬೇಕಾಗಿರಲಿಲ್ಲ. ಬೇಕಾಗಿದ್ದು ಜಾತಿ. ಸಂಬಂಧ ಮುರಿಯಿತು. ಗಾಣ ಆಡಿಸುವುದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ, ಅಂಥ ಮನೆಗೆ ಹೋಗದಿದ್ದುದು ಅವಳ ಪುಣ್ಯ ಅಂತ ನಾನು ಇವತ್ತಿಗೂ ಅಂದುಕೊಳ್ಳುತ್ತೇನೆ. ಅವಳೂ ನಗುತ್ತಾ ಹಾಗೇ ಹೇಳುತ್ತಾಳೆ. ಆದರೆ ಅದನ್ನು ತೀರ್ಮಾನ ಮಾಡಬೇಕಾಗಿದ್ದವಳು ಅವಳು, ನಾನಲ್ಲ. ದೊಡ್ಡಪ್ಪ ನನ್ನ ಜೊತೆ ಮಾತು ಬಿಟ್ಟರು. ಅದಕ್ಕಿಂತ ದೊಡ್ಡ ನಷ್ಟ ಸೋದರತ್ತೆಯ ವಿಷಯದಲ್ಲಿ ಆಯಿತು. ಅಜ್ಜಿಗೆ ಮುಂಬಯಿಯಿಂದ ಬರುತ್ತಿದ್ದ ಕಾಗದ ಓದಿ ಹೇಳುತ್ತಿದ್ದವರು ಅವರೊಬ್ಬರೇ. ಅಜ್ಜಿಯ ಅಪ್ಪನ ಹೆಸರು, ತಮ್ಮಂದಿರು ಇಸ್ರೇಲ್‌ನ ಯಾವ ಊರಿಗೆ ಹೋದರು, ಎಲ್ಲ ಅವರಿಗೆ ಗೊತ್ತಿತ್ತು. ಆ ಗಲಾಟೆ ಆದ ಮೇಲೆ "ನನಗೇನೂ ನೆನಪಿಲ್ಲೋ" ಅಂತ ಬಾಯಿ ಮುಚ್ಚಿದರು. 2021ರಲ್ಲಿ ಕೋವಿಡ್‌ಗೆ ಹೋದರು.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. 'ಯಹೂದಿಗಳ ಬಗ್ಗೆ ಪೂರ್ವಗ್ರಹ' ಅಂತ ನೀವು ಬರೆದಿದ್ದೀರಿ. ನಿಮ್ಮ ಸಂಬಂಧಿಕರು ಆಡಿಕೊಳ್ಳುತ್ತಿರುವುದು ನಿಜವಾಗಿ ಏನು ಅಂತ ಕಿವಿಗೊಟ್ಟು ಕೇಳಿ. ಯುರೋಪಿನಲ್ಲಿ ಶತಮಾನಗಟ್ಟಲೆ ಬೆಳೆದ ದ್ವೇಷ ಒಂದು ಥರ. ನಮ್ಮ ಅಡುಗೆಮನೆಯಲ್ಲಿ ಬರುವ "ಅಕಿ ಯಾವ ಮಂದಿ?" ಇನ್ನೊಂದು ಥರ. ಎರಡನೆಯದಕ್ಕೆ ಮೊದಲನೆಯದರ ಉತ್ತರ ಕೊಟ್ಟರೆ ಯಾರಿಗೂ ತಾಗುವುದಿಲ್ಲ.

ಮೇಲು ಕೀಳು ಯಹೂದಿಗಳಲ್ಲೂ ಇತ್ತು ಅನ್ನುವುದನ್ನೂ ತಿಳಿದುಕೊಳ್ಳಿ. ಬೆನೆ ಇಸ್ರೇಲ್ ಜನರಲ್ಲೇ 'ಗೋರಾ' (ಬಿಳಿ), 'ಕಾಳಾ' (ಕರಿ) ಅಂತ ಎರಡು ಗುಂಪು ಇದ್ದವು. ಹೊರಗಿನ ಹೆಣ್ಣಿಗೆ ಹುಟ್ಟಿದ ಸಂತತಿ ಕಾಳಾ, ಅವರ ಜೊತೆ ಮದುವೆ ಇರಲಿಲ್ಲ. ಇರಾಕ್ ಕಡೆಯಿಂದ ಮುಂಬಯಿಗೆ ಬಂದ ಬಾಗ್ದಾದಿ ಯಹೂದಿಗಳು ಇಡೀ ಬೆನೆ ಇಸ್ರೇಲನ್ನೇ ಕೀಳಾಗಿ ನೋಡಿದರು. ಇಸ್ರೇಲ್‌ಗೆ ಹೋದರೆ 1962ರಲ್ಲಿ ಅಲ್ಲಿನ ಮುಖ್ಯ ರಬ್ಬಿಗಳು, ಅಂದರೆ ಯಹೂದಿ ಧರ್ಮಗುರುಗಳು, ಇವರ ಮದುವೆಗೆ ಮೊದಲು ಹಿಂದಿನ ತಲೆಮಾರುಗಳ ವಿಚಾರಣೆ ಆಗಬೇಕು ಅಂದರು. ಜನ ಧರಣಿ ಕೂತರು. 1964ರಲ್ಲಿ, ಇವರ ಹೆಸರು ಹಿಡಿದು ಹೇಳಿದ್ದ ಆ ನಿಯಮ ಹೋಯಿತು.

ನಾನು ಮುಂಬಯಿಗೆ ಹೋಗಿದ್ದೆ. ಅಲ್ಲಿನ ಸಿನಗಾಗ್‌ನಲ್ಲಿ, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರದಲ್ಲಿ, ಒಬ್ಬ ಹಿರಿಯರು ಚಹಾ ಕೊಟ್ಟು ಕೂರಿಸಿಕೊಂಡರು. ಹುಬ್ಬಳ್ಳಿ ಅಂದ ಕೂಡಲೇ ಟಿಪ್ಪುವಿನ ಕಥೆ ತೆಗೆದರು. ಸ್ಯಾಮ್ಯುಯೆಲ್ ದಿವೇಕರ್ ಅಂತ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿದ್ದವರು ಮೈಸೂರು ಯುದ್ಧದಲ್ಲಿ ಟಿಪ್ಪುವಿಗೆ ಸೆರೆಸಿಕ್ಕಿದರಂತೆ. ಬೆನೆ ಇಸ್ರೇಲ್ ಅನ್ನುವ ಹೆಸರು ಕುರಾನಿನಲ್ಲಿದೆ, ಇವರನ್ನು ಕೊಲ್ಲಬೇಡ ಅಂತ ಟಿಪ್ಪುವಿನ ತಾಯಿ ಹೇಳಿದಳು ಅಂತ ಅವರ ಜನ ಹೇಳುತ್ತಾರೆ. ಬಿಡುಗಡೆಯಾಗಿ ಬಂದ ದಿವೇಕರ್ 1796ರಲ್ಲಿ ಮುಂಬಯಿಯ ಮೊದಲ ಸಿನಗಾಗ್ ಕಟ್ಟಿಸಿದರು. ಆಮೇಲೆ ಹಿರಿಯರು ಕೇಳಿದರು, ಅಪ್ಪನ ಕಡೆಯೋ ಅಮ್ಮನ ಕಡೆಯೋ? ಅಪ್ಪನ ತಾಯಿ ಅಂದೆ. ಹಾಗಾದರೆ ನಿಮ್ಮಪ್ಪ ಯಹೂದಿ, ನೀವಲ್ಲ ಅಂದರು. ಅವರ ಶಾಸ್ತ್ರದಲ್ಲಿ ಲೆಕ್ಕಕ್ಕೆ ಬರುವುದು ತಾಯಿ. ದಿನಾ ಬೆಳಿಗ್ಗೆ ಸಿದ್ಧಾರೂಢ ಮಠಕ್ಕೆ ಹೋಗಿ ಬರುವ ನಮ್ಮಪ್ಪನಿಗೆ ಇದನ್ನು ಹೇಳಿದಾಗ "ಆಗ್ಲಿ ಬಿಡು" ಅಂದು ಪೇಪರ್ ಓದುವುದನ್ನು ಮುಂದುವರಿಸಿದರು.

ಅದೇ ಹಿರಿಯರು ಅಜ್ಜಿಯ ಅಡ್ಡಹೆಸರು ಕೇಳಿ, ಈ ಹೆಸರಿನವರು ಬೇಕಾದಷ್ಟು ಜನ ಇದ್ದಾರೆ, ಅವರ ತಂದೆಯ ಹೆಸರು ಹೇಳಿ ಹುಡುಕೋಣ ಅಂದರು. ನನ್ನ ಹತ್ತಿರ ಇರಲಿಲ್ಲ.

ಡಿಎನ್‌ಎ ಪರೀಕ್ಷೆಗೆ ದುಡ್ಡು ಹಾಕಬೇಡಿ. ಬೆನೆ ಇಸ್ರೇಲ್ ಜನರಲ್ಲಿ ಇಲ್ಲಿಯದೂ ಪಶ್ಚಿಮ ಏಷ್ಯಾದ್ದೂ ಬೆರೆತಿದೆ ಅಂತ ತಳಿಶಾಸ್ತ್ರದವರೇ ಹೇಳಿದ್ದಾರೆ. ನಿಮಗೆ ಬಂದಿರುವುದು ಅದರಲ್ಲಿ ಕಾಲು ಪಾಲು. ವರದಿ ನೋಡಿ ನಿಮ್ಮ ಚಿಕ್ಕಪ್ಪ ಬಾಯಿ ಮುಚ್ಚುವುದಿಲ್ಲ, ರಬ್ಬಿಯೂ ಒಪ್ಪುವುದಿಲ್ಲ. ಇಸ್ರೇಲ್ ಪೌರತ್ವದ ಆಸೆ ಇದ್ದರೆ ಅದು ಬೇರೆ ಮಾತು. 1970ರ ತಿದ್ದುಪಡಿಯ ಪ್ರಕಾರ ಮೊಮ್ಮಕ್ಕಳಿಗೂ ಅವಕಾಶವಿದೆ, ಆದರೆ ಅದಕ್ಕೆ ಬೇಕಾಗಿರುವುದು ಕಾಗದ ಪತ್ರ. ಭಾರತದ ಪೌರತ್ವ ಬಿಡಬೇಕಾಗುತ್ತೆ ಅನ್ನುವುದೂ ನೆನಪಿರಲಿ.

ಆಫೀಸಿನ ಮಾತುಗಳು ಕಿರಿಕಿರಿ, ಅಷ್ಟೇ. ಫುಟ್‌ಪಾತಿನಲ್ಲಿ ಹಿಟ್ಲರ್‌ನ ಪುಸ್ತಕ ಮಾರುವ, ಸ್ಟ್ರಿಕ್ಟ್ ಮೇಷ್ಟ್ರಿಗೆ ಹಿಟ್ಲರ್ ಅಂತ ಅಡ್ಡಹೆಸರಿಡುವ ಊರು ನಮ್ಮದು. ಹೆಚ್ಚಿನವರಿಗೆ ಏನು ಹೇಳುತ್ತಿದ್ದೇವೆ ಅಂತಲೇ ಗೊತ್ತಿರುವುದಿಲ್ಲ. "ನಿಮ್ಮವರು ಭಾರೀ ಬುದ್ಧಿವಂತರು, ದುಡ್ಡಿನವರು" ಅನ್ನುತ್ತಾರೆ. ಇದು ಹೊಗಳಿಕೆ ಅಲ್ಲ, ಹಳೆಯ ಬೈಗುಳದ ಇನ್ನೊಂದು ಮುಖ. ನಮ್ಮಜ್ಜಿ ನರ್ಸ್ ಆಗಿದ್ದರು, ತಿಂಗಳ ಕೊನೆಗೆ ಅಂಗಡಿಯಲ್ಲಿ ಉದ್ರಿ ಬರೆಸುತ್ತಿದ್ದರು ಅನ್ನುತ್ತೇನೆ. ಗಾಜಾ ಬಗ್ಗೆ ನನ್ನಿಂದ ಲೆಕ್ಕ ಕೇಳುವವರಿಗೆ, ಬೇರೆ ಯಾರನ್ನಾದರೂ ಅವರ ಅಜ್ಜಿಯ ಕಾರಣಕ್ಕೆ ಹೀಗೆ ಕೇಳುತ್ತೀರಾ ಅಂತ ತಿರುಗಿ ಕೇಳುತ್ತೇನೆ. ಬೇಕಂತಲೇ ಕೆಣಕುವವರ ಹತ್ತಿರ ಊಟಕ್ಕೆ ಕೂರುವುದಿಲ್ಲ.

ನಿಮ್ಮ ಹಿರಿಯ ಅತ್ತೆ ಇದ್ದಾರೆ ಅಂತ ಬರೆದಿದ್ದೀರಿ. ಗ್ರೂಪಿಗೆ ಏನೂ ಹಾಕಬೇಡಿ. ಅವರ ಮನೆಗೆ ಹೋಗಿ. ಮೊದಲು ಅಜ್ಜಿಯ ತಂದೆಯ ಹೆಸರು ಕೇಳಿ, ಆಮೇಲೆ ಕೊಂಕಣದ ಊರು. ಪೆಣ್‌ನಿಂದ ಪೆಣಕರ್, ರೋಹಾದಿಂದ ರೋಹೆಕರ್, ಹೀಗೆ ಅಡ್ಡಹೆಸರಿನಲ್ಲೇ ಊರು ಸಿಗಬಹುದು. ಮೊಬೈಲ್ ರೆಕಾರ್ಡ್‌ಗೆ ಹಾಕಿ ಎದುರಿಗೆ ಇಟ್ಟುಕೊಂಡು ಕೂರಬೇಡಿ, ವಯಸ್ಸಾದವರು ಹೆದರುತ್ತಾರೆ. ದಸರಾ ರಜೆಯಲ್ಲಿ ಹೋಗುತ್ತೇನೆ ಅಂತ ಬೇರೆ ಬರೆದಿದ್ದೀರಿ. ಅವರಿಗೆ ಎಂಬತ್ತೆಂಟು ವರ್ಷ. ಈ ಭಾನುವಾರವೇ ಬಸ್ ಹತ್ತಿ.