ಮ್ಯಾಡ್ರಿಡ್‌ನಲ್ಲಿ ಒಂದೇ ಮಧ್ಯಾಹ್ನ ಸಿಗುತ್ತದೆ, ಜೊತೆಗೆ ಮಂಡಿನೋವಿನ ಅಮ್ಮ ಇದ್ದಾರೆ. ರೆತೀರೊ ಪಾರ್ಕಿಗೆ ಹೋಗಬಹುದಾ?

ಖಂಡಿತ ಹೋಗಿ. ಆದರೆ ಯಾವ ಗೇಟಿನಿಂದ ಒಳಗೆ ಹೋಗುತ್ತೀರಿ ಅನ್ನೋದು ಮುಖ್ಯ. ಪಾರ್ಕು ಸುಮಾರು 300 ಎಕರೆ ಇದೆ. ಪೂರ್ತಿ ಸುತ್ತುವ ಆಸೆ ಇಟ್ಟುಕೊಳ್ಳಬೇಡಿ.

ನಾನು ಅತ್ತೆ ಮಾವನ ಜೊತೆ ಮೇ ತಿಂಗಳಲ್ಲಿ ಹೋಗಿದ್ದೆ. ಮೊದಲ ದಿನ ರೆತೀರೊ ಮೆಟ್ರೋದಲ್ಲಿ ಇಳಿದು ನೇರ ದೋಣಿ ಕೆರೆಗೆ ಹೋದೆವು. ಎಲ್ಲರೂ ಮಾಡೋದು ಅದನ್ನೇ. ಕೆರೆ ಚೆನ್ನಾಗಿದೆ, ಆದರೆ ಜನ ಜಾಸ್ತಿ. ಅಷ್ಟಕ್ಕೇ ಅತ್ತೆಗೆ ಸುಸ್ತಾಯಿತು, ವಾಪಸ್ ಬಂದೆವು.

ಮರುದಿನ ಪ್ರಾಡೊ ಮ್ಯೂಸಿಯಂ ಹಿಂದಿನ ಫೆಲಿಪೆ 4 ಗೇಟಿನಿಂದ ಹೋದೆವು. ನೀವೂ ಹಾಗೇ ಮಾಡಿ. ಒಳಗೆ ಕಾಲಿಟ್ಟರೆ ಸಮತಟ್ಟಾದ ಹೂದೋಟ. ಅಲ್ಲೇ ಕಬ್ಬಿಣದ ಬೇಲಿಯೊಳಗೆ ಒಂದು ಹಳೇ ಮರ ಇದೆ. ಅವೆವೆತೆ ಅಂತಾರೆ, ಮೆಕ್ಸಿಕೊ ಮೂಲದ್ದು. ನೆಲದಿಂದ ಸ್ವಲ್ಪ ಮೇಲೆ ಬರುತ್ತಲೇ ಕವಲೊಡೆದು, ದೀಪದ ಕಂಬದ ಹಾಗೆ ತೋಳುಗಳನ್ನೆಲ್ಲ ಮೇಲಕ್ಕೆತ್ತಿ ನಿಂತಿದೆ. ಎಲೆ ಹುಣಸೆ ಎಲೆಗಿಂತ ಸಣ್ಣದು, ಹಕ್ಕಿ ಗರಿಯ ಹಾಗೆ ಮೆತ್ತಗೆ. 1630ರ ದಶಕದಲ್ಲಿ ನೆಟ್ಟಿದ್ದು ಅಂತ ಹೇಳುತ್ತಾರೆ.

ಆ ದಶಕದಲ್ಲೇ ರಾಜ 4ನೇ ಫೆಲಿಪೆಗೋಸ್ಕರ ಇಲ್ಲಿ ಅರಮನೆ, ತೋಟ ಎಲ್ಲ ಕಟ್ಟಿದ್ದು. ಜನಸಾಮಾನ್ಯರಿಗೆ ಪ್ರವೇಶ ಇರಲಿಲ್ಲ. ಆಮೇಲೆ 3ನೇ ಕಾರ್ಲೋಸ್ ಕಾಲದಲ್ಲಿ ನೀಟಾಗಿ ಬಟ್ಟೆ ಹಾಕಿಕೊಂಡು ಬಂದವರನ್ನು ಮಾತ್ರ ಬಿಟ್ಟರು. ನೆಪೋಲಿಯನ್ನನ ಸೈನ್ಯ ಇಲ್ಲೇ ಬೀಡುಬಿಟ್ಟಾಗ ಅರಮನೆ ಬಹುಪಾಲು ಹಾಳಾಯಿತು, ಮರಗಳೂ ಹೋದವು. ಈ ಮರ ಉಳಿಯಿತು. 1868ರಲ್ಲಿ ರಾಣಿ 2ನೇ ಇಸಾಬೆಲ್ ಪದಚ್ಯುತಳಾದ ಮೇಲೆ ತೋಟ ಊರಿನವರ ಪಾಲಾಯಿತು. ಈಗ ಟಿಕೆಟ್ಟೇ ಇಲ್ಲ. ಅಜ್ಜಂದಿರು ಬೆಂಚಿನ ಮೇಲೆ ಕೂತು ಪೇಪರ್ ಓದುತ್ತಿರುತ್ತಾರೆ. ನಮ್ಮತ್ತೆ ಅಲ್ಲಿಂದ ಮುಕ್ಕಾಲು ಗಂಟೆ ಏಳಲೇ ಇಲ್ಲ. ನನಗೂ ಏಳಬೇಕು ಅನ್ನಿಸಲಿಲ್ಲ.

ಅಮ್ಮನಿಗೆ ಇನ್ನೂ ಶಕ್ತಿ ಇದ್ದರೆ ಒಳಗಿನ ಗಾಜಿನ ಮನೆಯವರೆಗೆ ನಿಧಾನಕ್ಕೆ ಹೋಗಿ, ಸ್ವಲ್ಪ ಏರು ಇದೆ. ನಮ್ಮ ಲಾಲ್‌ಬಾಗ್ ಗಾಜಿನ ಮನೆ ನೆನಪಾಗದೇ ಇರಲ್ಲ. ಎರಡಕ್ಕೂ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸೇ ಮಾದರಿ, ಹೆಚ್ಚುಕಡಿಮೆ ಒಂದೇ ಕಾಲದವು. ಆದರೆ ಇದರ ಕಥೆ ಕೇಳಿದರೆ ಹೊಟ್ಟೆ ಚುರ್ ಅನ್ನುತ್ತದೆ. 1887ರಲ್ಲಿ ಫಿಲಿಪೀನ್ಸ್ ಪ್ರದರ್ಶನಕ್ಕೆ ಅಂತ ಕಟ್ಟಿದ್ದು. ಆಗ ಆ ದೇಶ ಸ್ಪೇನಿನ ವಸಾಹತು. ಗಿಡಗಳ ಜೊತೆ ಅಲ್ಲಿನ ಮನುಷ್ಯರನ್ನೂ ಕರೆತಂದು ಪ್ರದರ್ಶನಕ್ಕಿಟ್ಟಿದ್ದರು. ಅದು ಗೊತ್ತಿದ್ದೇ ನೋಡಬೇಕು. ದುರಸ್ತಿಗೆ ಅಂತ ಮುಚ್ಚಿರುವುದೂ ಉಂಟು, ಮೊದಲೇ ವಿಚಾರಿಸಿಕೊಳ್ಳಿ.

ಗುಲಾಬಿ ತೋಟಕ್ಕೆ ಮೇ, ಜೂನ್ ಒಳ್ಳೇ ಕಾಲ. ಬೇರೆ ತಿಂಗಳಾದರೆ ಬಿಡಿ, ಸುಮ್ನೆ ಅಷ್ಟು ದೂರ ನಡೆಸಬೇಡಿ.

ಇನ್ನೊಂದು ಮಾತು. ಗಾಳಿ ಜೋರಿದ್ದರೆ ಕೊಂಬೆ ಬೀಳುವ ಅಪಾಯಕ್ಕೆ ಪಾರ್ಕನ್ನೇ ಮುಚ್ಚುತ್ತಾರೆ. ಆ ದಿನ ಬೆಳಿಗ್ಗೆ ಹೋಟೆಲ್‌ನಲ್ಲಿ ಕೇಳಿ. ಮುಚ್ಚಿದ್ದರೆ ಪಕ್ಕದ ಪ್ರಾಡೊಗೆ ಹೋಗಿ. ಸೋಮವಾರದಿಂದ ಶನಿವಾರದವರೆಗೆ ಸಂಜೆ 6ರಿಂದ 8ರವರೆಗೆ ಪ್ರವೇಶ ಉಚಿತ. ಕ್ಯೂ ಉದ್ದ ಇರುತ್ತದೆ, ಅಮ್ಮನನ್ನು ಎಲ್ಲಾದರೂ ಕೂರಿಸಿ ನೀವು ನಿಲ್ಲಿ.