ಕರೆಂಟ್ ಕೊಡುವ ರೂಮಿನ ಲೆಕ್ಕ

ಮೇಷ್ಟ್ರೇ, ನಮಸ್ಕಾರ.

ಚಿತ್ರದುರ್ಗದ ಕಡೆಯಿಂದ ನೀವು ಬರೆದ ನಾಲ್ಕು ಪುಟದ ಪತ್ರ ಸಿಕ್ಕಿತು. ಉಳಿದ ಓದುಗರಿಗಾಗಿ ಅದರ ತಿರುಳು ಇಷ್ಟು. ನಿಮ್ಮ ಮಗಳು ಫಿಸಿಕ್ಸ್ ಎಂ.ಎಸ್ಸಿ ಮುಗಿಸುತ್ತಿದ್ದಾಳೆ. ಮೆಡಿಕಲ್ ಫಿಸಿಕ್ಸ್ ಓದಿ ಕ್ಯಾನ್ಸರ್ ಆಸ್ಪತ್ರೆ ಸೇರುತ್ತೇನೆ ಅನ್ನುತ್ತಾಳೆ. ದಿನಾ ವಿಕಿರಣದ ಹತ್ತಿರ ಇದ್ದರೆ ನಾಳೆ ಮಕ್ಕಳಾಗುವಾಗ ಏನು ಗತಿ ಅಂತ ನಿಮ್ಮ ಮನೆಯವರಿಗೆ ಭಯ. ನಿಮ್ಮ ಬೇಸರವೇ ಬೇರೆ. "ಎಂ.ಎಸ್ಸಿ ಓದಿಸಿದ್ದು ಎಕ್ಸ್‌ರೇ ತೆಗೆಯೋಕಾ?" ಅಂತ ಕೇಳಿದ್ದೀರಿ. ಜೊತೆಗೆ ಯಾರೋ ಮೂರು ತಿಂಗಳ ಆನ್‌ಲೈನ್ ಕೋರ್ಸ್ ಮಾಡಿದರೆ ಸಾಕು ಅಂದರಂತೆ.

ಮೊದಲು ನಿಮ್ಮ ಬೇಸರಕ್ಕೆ ಉತ್ತರ. ಎಕ್ಸ್‌ರೇ ತೆಗೆಯುವವರು ಟೆಕ್ನಿಷಿಯನ್‌ಗಳು. ಅದೂ ಸಣ್ಣ ಕೆಲಸವಲ್ಲ ಬಿಡಿ, ಆದರೆ ನಿಮ್ಮ ಮಗಳು ಹೇಳುತ್ತಿರುವುದು ಅದಲ್ಲ. ವಿಕಿರಣದಿಂದ ಕ್ಯಾನ್ಸರ್‌ಗೆ ಚಿಕಿತ್ಸೆ ಕೊಡುವ, ನಮ್ಮ ಜನ 'ಕರೆಂಟ್ ಕೊಡೋದು' ಅನ್ನುವ ರೇಡಿಯೋಥೆರಪಿಯನ್ನೇ ತೆಗೆದುಕೊಳ್ಳಿ. ಈ ರೋಗಿಗೆ 50 ಗ್ರೇ, 25 ಸಿಟ್ಟಿಂಗ್ ಅಂತ ಡಾಕ್ಟರ್ ಬರೆಯುತ್ತಾರೆ (ಗ್ರೇ ಅಂದರೆ ದೇಹ ಹೀರುವ ವಿಕಿರಣದ ಅಳತೆ). ಮೆಷಿನ್ 2 ಗ್ರೇ ಅಂದಾಗ ನಿಜವಾಗಿ 2 ಗ್ರೇ ಬೀಳುತ್ತದಾ, ಗಡ್ಡೆಗೆ ಬೀಳಬೇಕಾದ್ದು ಪಕ್ಕದ ಶ್ವಾಸಕೋಶಕ್ಕೆ ಎಷ್ಟು ಬೀಳುತ್ತದೆ, ಗೋಡೆಯ ಆಚೆ ಬೆಂಚಿನ ಮೇಲೆ ಕೂತವರಿಗೆ ಏನಾದರೂ ತಾಗುತ್ತದಾ, ಇದೆಲ್ಲ ಲೆಕ್ಕ ಹಾಕಿ, ಅಳೆದು, ಸಹಿ ಹಾಕುವವರು ಮೆಡಿಕಲ್ ಫಿಸಿಸಿಸ್ಟ್.

ನನಗೂ ಇದು ಗೊತ್ತಿರಲಿಲ್ಲ. ನಮ್ಮಣ್ಣನ ಚಿಕಿತ್ಸೆಗೆ ಅಂತ ಒಂದು ಆಸ್ಪತ್ರೆಯ ಬೆಂಚಿನ ಮೇಲೆ ಐದು ವಾರ ಕೂತಿದ್ದೆ. ಒಂದು ದಿನ ಬೆಳಗ್ಗೆ ಅಳತೆ ಸರಿ ಬರಲಿಲ್ಲ ಅಂತ ಅಲ್ಲಿನ ಫಿಸಿಸಿಸ್ಟ್ ಹುಡುಗಿ ಮಧ್ಯಾಹ್ನದವರೆಗೆ ಮೆಷಿನ್ ಮುಟ್ಟಲು ಬಿಡಲಿಲ್ಲ. ಎಲ್ಲರೂ ಕೂಗಾಡಿದರು, ನಾನೂ ಕೂಗಾಡಿದೆ. ಆಕೆ ಜಗ್ಗಲಿಲ್ಲ. ಆಮೇಲೆ ಓದಿ ತಿಳಿದುಕೊಂಡಾಗ ನಾಚಿಕೆಯಾಯಿತು.

ಯಾಕೆ ಅಂತ ಹೇಳುತ್ತೇನೆ. ಡೋಸ್ ಅಳೆಯುವ ಅಯಾನ್ ಚೇಂಬರ್‌ನೊಳಗೆ ಇರುವುದು ಸುತ್ತಲಿನ ಗಾಳಿಯೇ. ಮಂಗಳೂರು ಸಮುದ್ರದ ಮಟ್ಟದಲ್ಲಿದೆ, ಬೆಂಗಳೂರು 900 ಮೀಟರ್ ಮೇಲೆ. ಇಲ್ಲಿ ಗಾಳಿ ತೆಳು, ಹಾಗಾಗಿ ಅದೇ ಚೇಂಬರ್ ಬೆಂಗಳೂರಿನಲ್ಲಿ ಸುಮಾರು ಶೇ 10 ಕಡಿಮೆ ತೋರಿಸುತ್ತದೆ. ಉಷ್ಣತೆ, ಒತ್ತಡ ನೋಡಿ ಅದನ್ನು ಸರಿಮಾಡದೆ, ಮೆಷಿನ್ ಕಡಿಮೆ ಕೊಡುತ್ತಿದೆ ಅಂದುಕೊಂಡು ಏರಿಸಿಬಿಟ್ಟರೆ ಬರುವ ರೋಗಿಗೆಲ್ಲ ಶೇ 10 ಜಾಸ್ತಿ. ಬಿ.ಎಸ್ಸಿಯಲ್ಲಿ ಪಾಠ ಮಾಡುವ ಅನಿಲ ನಿಯಮ ಇದು, ಅಲ್ವಾ?

1996ರಲ್ಲಿ ಕೋಸ್ಟರಿಕಾದ ಸಾನ್ ಹೊಸೆಯಲ್ಲಿ ಆದದ್ದು ಇನ್ನೂ ಸಣ್ಣ ತಪ್ಪು. ಕೋಬಾಲ್ಟ್ ಮೆಷಿನ್‌ಗೆ ಹೊಸ ಸೋರ್ಸ್, ಅಂದರೆ ವಿಕಿರಣ ಸೂಸುವ ಕೋಬಾಲ್ಟ್, ಹಾಕಿ ಅಳೆಯುವಾಗ 0.3 ನಿಮಿಷವನ್ನು 30 ಸೆಕೆಂಡ್ ಅಂತ ತಿಳಿದರು. ನಿಜಕ್ಕೂ ಅದು 18 ಸೆಕೆಂಡ್, ಹಾಗಾಗಿ ಸೋರ್ಸ್ ಇದ್ದದ್ದಕ್ಕಿಂತ ದುರ್ಬಲ ಅಂತ ಲೆಕ್ಕ ಬಂತು. ಗೊತ್ತಾಗುವ ಹೊತ್ತಿಗೆ 115 ರೋಗಿಗಳಿಗೆ ಸುಮಾರು ಒಂದೂವರೆ ಪಟ್ಟು ಡೋಸ್ ಹೋಗಿತ್ತು. ಕೆಲವರು ಅದರಿಂದಲೇ ತೀರಿಕೊಂಡರು. ಮಗ್ಗಿ ಗೊತ್ತಿದ್ದ ಯಾರಾದರೂ ಇನ್ನೊಮ್ಮೆ ಲೆಕ್ಕ ನೋಡಿದ್ದರೆ ಸಾಕಿತ್ತು.

ಅದಕ್ಕೇ ಮೂರು ತಿಂಗಳ ಕೋರ್ಸ್ ಸಾಲದು. ಫಿಸಿಕ್ಸ್ ಎಂ.ಎಸ್ಸಿ ಆದವರು ಅದರ ಮೇಲೆ ರೇಡಿಯಲಾಜಿಕಲ್ ಫಿಸಿಕ್ಸ್ ಡಿಪ್ಲೊಮಾ ಮಾಡಬೇಕು. ಮುಂಬೈನ ಬಾರ್ಕ್‌ನಲ್ಲಿ (ಭಾಭಾ ಅಣು ಸಂಶೋಧನಾ ಕೇಂದ್ರ) ಇದು 1962ರಿಂದ ನಡೆಯುತ್ತಿದೆ. ಸೀಟು ಕಡಿಮೆ, ಪೈಪೋಟಿ ಜಾಸ್ತಿ. ಇಲ್ಲವೇ ಎಂ.ಎಸ್ಸಿಯನ್ನೇ ಮೆಡಿಕಲ್ ಫಿಸಿಕ್ಸ್‌ನಲ್ಲಿ ಮಾಡುವ ದಾರಿ ಇದೆ. ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯ, ನಮ್ಮ ಮಣಿಪಾಲ, ಹೀಗೆ. ಯಾವ ದಾರಿಯಲ್ಲಿ ಹೋದರೂ ರೇಡಿಯೋಥೆರಪಿ ವಿಭಾಗದಲ್ಲಿ ಒಂದು ವರ್ಷ ಇಂಟರ್ನ್‌ಶಿಪ್ ತಪ್ಪದು. ಆಸ್ಪತ್ರೆಯ ವಿಕಿರಣ ಸುರಕ್ಷತಾ ಅಧಿಕಾರಿ, ಅಂದರೆ ಆರ್‌ಎಸ್‌ಒ, ಆಗಬೇಕಾದರೆ ಬೇರೆ ಪರೀಕ್ಷೆ ಇದೆ, ದೇಶದ ಅಣುಶಕ್ತಿ ನಿಯಂತ್ರಣ ಮಂಡಳಿಯಾದ ಎಇಆರ್‌ಬಿಯ ಒಪ್ಪಿಗೆಯೂ ಬೇಕು. ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಕೋರ್ಸ್ ಹೆಸರಿನಲ್ಲಿ 'ರೇಡಿಯೇಷನ್' ಅಂತ ಇದ್ದ ಮಾತ್ರಕ್ಕೆ ಫೀಸ್ ಕಟ್ಟಬೇಡಿ. ಎಇಆರ್‌ಬಿ ಹೇಳುವ ಅರ್ಹತೆಗೆ ಅದು ಹೊಂದುತ್ತದಾ, ಇಂಟರ್ನ್‌ಶಿಪ್ ಯಾರು ಕೊಡಿಸುತ್ತಾರೆ ಅಂತ ಕಾಲೇಜಿನಿಂದ ಬರಹದಲ್ಲೇ ತರಿಸಿಕೊಳ್ಳಿ. ಬಾಯಿಮಾತು ಬೇಡ.

ಈಗ ನಿಮ್ಮ ಮನೆಯವರ ಭಯ. ಅದನ್ನು ನಾನು ಸುಮ್ನೆ ತಳ್ಳಿಹಾಕುವುದಿಲ್ಲ. ಈಗ ಹೆಚ್ಚಾಗಿ ಇರುವುದು ವಿದ್ಯುತ್ತಿನಿಂದ ಕಿರಣ ಹುಟ್ಟಿಸುವ ಲಿನಾಕ್ ಮೆಷಿನ್, ಅದನ್ನು ಆಫ್ ಮಾಡಿದರೆ ಕಿರಣವೂ ನಿಲ್ಲುತ್ತದೆ. ಆನ್ ಇದ್ದಾಗ ರೂಮಿನಲ್ಲಿ ರೋಗಿ ಒಬ್ಬರೇ. ನಡುವೆ ಮೀಟರ್‌ಗಟ್ಟಲೆ ದಪ್ಪದ ಕಾಂಕ್ರೀಟ್ ಗೋಡೆ. ಕೆಲಸದವರ ಎದೆಯ ಮೇಲೆ, ತಾಗಿದ ವಿಕಿರಣವನ್ನು ದಾಖಲಿಸುವ ಟಿಎಲ್‌ಡಿ ಬ್ಯಾಡ್ಜ್ ಇರುತ್ತದೆ, ಮೂರು ತಿಂಗಳಿಗೊಮ್ಮೆ ಅದನ್ನು ಕಳಿಸಿ ಲೆಕ್ಕ ತೆಗೆಸುತ್ತಾರೆ. ಐದು ವರ್ಷದ ಸರಾಸರಿ ವರ್ಷಕ್ಕೆ 20 ಮಿಲಿಸೀವರ್ಟ್ (ದೇಹಕ್ಕೆ ತಾಗಿದ ವಿಕಿರಣದ ಅಳತೆ) ಮೀರಬಾರದು, ಯಾವ ಒಂದು ವರ್ಷದಲ್ಲೂ 30 ದಾಟಬಾರದು. ಗರ್ಭಿಣಿ ಅಂತ ತಿಳಿಸಿದ ಮೇಲೆ ಹೊಟ್ಟೆಯಲ್ಲಿರುವ ಮಗುವಿಗೆ ಮಿತಿ 1 ಮಿಲಿಸೀವರ್ಟ್. ನೆಲ, ಗಾಳಿ, ಆಕಾಶದಿಂದ ನಮಗೆಲ್ಲ ಹೇಗೂ ತಾಗುವುದು ಜಗತ್ತಿನ ಸರಾಸರಿಯಲ್ಲಿ ವರ್ಷಕ್ಕೆ 2.4 ಮಿಲಿಸೀವರ್ಟ್.

ನನಗೆ ಭಯ ಆಗುವುದು ದೊಡ್ಡ ಮೆಷಿನ್ ಕಂಡಲ್ಲ. ಒಂದು ಸಣ್ಣ ಸ್ಕ್ಯಾನಿಂಗ್ ಸೆಂಟರ್‌ನಲ್ಲಿ ಬ್ಯಾಡ್ಜ್‌ಗಳನ್ನೆಲ್ಲ ಮೇಜಿನ ಡ್ರಾಯರ್‌ನಲ್ಲಿ, ಬಿಸ್ಕತ್ ಪೊಟ್ಟಣದ ಪಕ್ಕ ನೋಡಿದ್ದೇನೆ. ರೂಮಿನ ಬಾಗಿಲು ತೆರೆದೇ ಇತ್ತು. ಅಂಥ ಕಡೆ "ಬಾಗಿಲು ಹಾಕ್ರೀ" ಅನ್ನಲು ಒಬ್ಬರು ಬೇಕು, ಆ ಅಧಿಕಾರ ಆರ್‌ಎಸ್‌ಒಗೆ ಇದೆ. ಮಾಲೀಕರ ಎದುರು ನಿಂತು ಹಾಗೆ ಹೇಳುವುದು ಸುಲಭವಲ್ಲ ಅನ್ನುವುದೂ ನಿಜ. ಅದನ್ನು ಮಗಳಿಗೆ ಈಗಲೇ ಹೇಳಿಬಿಡಿ.

ಒಂದು ಕೆಲಸ ಮಾಡಿ. ರೇಡಿಯೋಥೆರಪಿ ಇರುವ ಯಾವುದಾದರೂ ಆಸ್ಪತ್ರೆಯಲ್ಲಿ ಮೊದಲೇ ಕೇಳಿಕೊಂಡು, ಅಮ್ಮ ಮಗಳು ಇಬ್ಬರನ್ನೂ ಬೆಳಗ್ಗೆ ಬೇಗ ಕರೆದುಕೊಂಡು ಹೋಗಿ. ಮೊದಲ ರೋಗಿ ಬರುವ ಮುಂಚೆ ಫಿಸಿಸಿಸ್ಟ್ ಏನೇನು ಅಳೆಯುತ್ತಾರೆ ಅಂತ ಹೊರಗಿನ ಕನ್ಸೋಲ್ ಹತ್ತಿರ ನಿಂತು ಅವರಿಬ್ಬರೂ ನೋಡಲಿ. ಮುಂದಿನ ಪತ್ರ ಮಗಳ ಕೈಯಲ್ಲೇ ಬರೆಸಿ.

– ಸಂ.